ಪಡುವಲ ಕಿಟಕಿ

ಸ್ಟವ್ವನ್ನು ಆಗ್ನೇಯ ಮೂಲೆಯ ಉಗ್ರಾಣಕ್ಕೆ ಸಾಗಿಸಿ ಬಂದ ಮೇಲೂ ಪಡುವಲ ಕೋಣೆಯ ಕಟ್ಟೆಯ ಮೇಲೆ ಅದರ ನಾಲ್ಕು ಕಾಲಿನ ಗುರುತು ಉಳಿದಿತ್ತು. ಪ್ರೇಮಕುಮಾರಿ ಒದ್ದೆಬಟ್ಟೆಯಿಂದ ಉಜ್ಜಿದಳು, ಸೋಪಿನಪುಡಿ ಹಾಕಿ ಉಜ್ಜಿದಳು, ಕೊನೆಗೆ ಉಗುರಿನಿಂದ ಕೆರೆದಳು. ಕಡಪಾಕಲ್ಲಿನ ಕಪ್ಪಿನಲ್ಲಿ ನಾಲ್ಕು ಬಿಳಿಯ ಚುಕ್ಕೆಗಳು ಹಾಗೆಯೇ ಇದ್ದವು. ಇಂಥವು ಎಲ್ಲ ಮನೆಗಳಲ್ಲೂ ಇರುತ್ತವೆ, ಇದೇನು ಹೊಸದಲ್ಲ ಎಂದುಕೊಂಡಳು. ಹಾಸನದಲ್ಲಿ ಮಾರಾಟಕ್ಕಿಟ್ಟ ಎಷ್ಟೋ ಮನೆಗಳಲ್ಲಿ ಅವಳು ಸೋಫಾ ಸರಿಸಿ ತೇವದ ಕಲೆ ಮುಚ್ಚಿದ್ದಳು, ಮೊಳೆ ಕಿತ್ತ ತೂತಿಗೆ ವೈಟ್ ಸಿಮೆಂಟ್ ಮೆತ್ತಿದ್ದಳು, ಎದುರು ಮನೆಯ ಕಕ್ಕಸಿನ ಗೋಡೆ ಕಾಣುವ ಕಿಟಕಿಗೆ ತಿಳಿಹಸಿರು ಪರದೆ ಬಿಟ್ಟಿದ್ದಳು. ಆಗೆಲ್ಲ ಕೈ ಹೀಗೆ ತಣ್ಣಗಾಗಿರಲಿಲ್ಲ. ಚುಕ್ಕೆಗಳ ಮೇಲೆ ನೀಲಿ ಬಟ್ಟೆ ಹಾಸಿ, ಅದರ ಮೇಲೆ ಆಫೀಸಿನಿಂದ ತಂದ ಮೇಜಿನ ದೀಪ ಇಟ್ಟಳು. ಮೂಲೆಯ ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ ಹಲಗೆ ಮುಚ್ಚಿ ಹೂಕುಂಡ ಕೂರಿಸಿದಳು. ಸಂಬಾರದ ಡಬ್ಬಿಗಳಿದ್ದ ಗೋಡೆಕಪಾಟಿನಲ್ಲಿ ಈಗ ಪುಸ್ತಕಗಳಿದ್ದವು. ಅವೂ ಆಫೀಸಿನವೇ, ಯಾರೂ ಓದದ ದಪ್ಪ ರಟ್ಟಿನ ಇಂಗ್ಲಿಷ್ ಪುಸ್ತಕಗಳು, ಬೆನ್ನಿನ ಬಣ್ಣ ನೋಡಿ ಕೊಂಡವು. ಬಾಗಿಲಲ್ಲಿ ನಿಂತು ನೋಡಿದಳು. ಓದುವ ಕೋಣೆ. ಯಾರು ನೋಡಿದರೂ ಓದುವ ಕೋಣೆ ಎಂದೇ ಹೇಳುತ್ತಾರೆ. ಹೇಳದಿದ್ದರೆ?

ಮನೆ ಕೊಳ್ಳುವ ಮೂರು ಪಾರ್ಟಿಗಳು ಬಂದು ಹಿಂದಿರುಗಿದ್ದು ಈ ಕೋಣೆಯಿಂದಲೇ. ಮನೆ ಚೆನ್ನಾಗಿದೆ, ರಸ್ತೆ ಅಗಲ, ನೀರಿದೆ, ಆದರೆ ವಾಸ್ತು ಪ್ರಕಾರ ಆಗ್ನೇಯಕ್ಕಿರಬೇಕಾದ ಅಡುಗೆಮನೆ ಪಶ್ಚಿಮಕ್ಕಿದೆ ಎಂದು ಎದ್ದು ಹೋಗಿದ್ದರು. ಈ ತಿಂಗಳ ಕೊನೆಯೊಳಗೆ ವಾಸಕ್ಕೆಂದು ಕೊಳ್ಳುವವರು ಸಿಗದಿದ್ದರೆ ಮನೆಯನ್ನು ಕೆಡವಿ ಮಳಿಗೆ ಕಟ್ಟುವ ಒಬ್ಬನಿಗೆ ಕೊಟ್ಟುಬಿಡುವುದೆಂದು ಮನೆಯೊಡತಿ ಕ್ಷಮಾಳ ತಮ್ಮ ಶ್ರೇಯಾಂಸ್ ತುಮಕೂರಿನಿಂದ ಹೇಳಿಯಾಗಿತ್ತು. ಕ್ಷಮಾ ಅರಕಲಗೂಡಿನ ಹೈಸ್ಕೂಲಿನಲ್ಲಿ ಹಿಂದಿ ಮೇಡಂ. ಚನ್ನರಾಯಪಟ್ಟಣದಿಂದ ದಿನವೂ ಬಸ್ಸು ಬದಲಿಸಿ ಓಡಾಡಿ ಸಾಕಾಗಿ ಅಲ್ಲೇ ಮನೆ ಮಾಡುವ ಯೋಚನೆಯಲ್ಲಿದ್ದಳು. ‘ಹೋಗೋದಕ್ಕೆ ಬೇಜಾರಿಲ್ಲ ಕುಮಾರಿ, ಯಾರಾದರೂ ಇಲ್ಲಿ ಇರಲಿ ಅಷ್ಟೇ. ಕೆಡವೋದು ಬೇಡ’ ಎಂದಿದ್ದಳು ಮೊದಲ ದಿನ. ಅದನ್ನು ಹೇಳುವಾಗ ಗೋಡೆಯನ್ನು ನೋಡಿರಲಿಲ್ಲ, ತನ್ನ ಕೈ ನೋಡಿಕೊಂಡಿದ್ದಳು. ಅಡುಗೆಮನೆಯನ್ನು ಒಂದು ದಿನದ ಮಟ್ಟಿಗೆ ಆಗ್ನೇಯಕ್ಕೆ ಸಾಗಿಸುವ ಉಪಾಯ ಮಾತ್ರ ಮನೆ ಮಾರಿಸಿಕೊಡುವ ಅವಳ ಆಫೀಸಿನ ಯಜಮಾನ ಮೋಹನ್‌ಕುಮಾರನದು. ‘ಉಗ್ರಾಣಕ್ಕೆ ಸ್ಟವ್ ಹಾಕಿ ಮೇಡಂ, ಆ ರೂಮನ್ನ ಸ್ಟಡಿ ಅಂತ ತೋರ್ಸಿ. ಅವ್ರೇನು ಅಡಿಗೆ ಮಾಡಕ್ ಬತ್ತಾರಾ? ನೋಡಕ್ ಬತ್ತಾರೆ.’ ಸರಿ ಸರ್ ಎಂದಿದ್ದಳು ಪ್ರೇಮಕುಮಾರಿ. ಈ ಮನೆ ತನಗೆ ಗೊತ್ತು ಎಂದು ಅವನಿಗೆ ಹೇಳಿರಲಿಲ್ಲ. ಏಕೆ ಹೇಳಲಿಲ್ಲವೆಂದು ಬೆಳಿಗ್ಗೆ ಬಸ್ಸಿನಲ್ಲಿ ಶಾಂತಿಗ್ರಾಮ ದಾಟುವವರೆಗೂ ಯೋಚಿಸಿದ್ದಳು. ಹೇಳಿದ್ದರೆ ಬೇರೆ ಯಾರನ್ನೋ ಕಳಿಸುತ್ತಿದ್ದ. ಹಾಗೆ ಕಳಿಸಿದ್ದರೆ ಒಳ್ಳೆಯದಾಗುತ್ತಿತ್ತೇನೋ.

ಇನ್ನು ನೆಲ ಉಳಿದಿತ್ತು. ಕಿಟಕಿಯ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ಒಬ್ಬರು ಕೂರುವಷ್ಟು ಜಾಗದಲ್ಲಿ ಕೆಂಪು ನೆಲ ಸವೆದು ಬೂದುಬಣ್ಣಕ್ಕೆ ತಿರುಗಿತ್ತು. ಕ್ಷಮಾಳ ತಾಯಿ ಮರುದೇವಮ್ಮ ಕೂರುತ್ತಿದ್ದ ಜಾಗ. ಎದುರಿಗೆ ಸಾಲಾಗಿ ಕ್ಷಮಾ, ಶ್ರೇಯಾಂಸ್, ಕೊನೆಯಲ್ಲಿ ಹತ್ತು ವರ್ಷದ ತಾನು. ಹಿಂಬದಿಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದ ದನದ ಆಸ್ಪತ್ರೆ ಕಾಂಪೌಂಡರ್ ಬೋರಪ್ಪನ ಮಗಳು. ತನ್ನ ಅವ್ವ ಎದೆಯ ಕಾಯಿಲೆಯಿಂದ ಹಾಸನದ ಆಸ್ಪತ್ರೆಯಲ್ಲಿ ಮೂರು ತಿಂಗಳು ಮಲಗಿದ್ದಾಗ ಸಂಜೆ ಐದೂವರೆಯಾದರೆ ಸಾಕು, ‘ಕುಮಾರೀ, ಹೊತ್ತು ಮುಳುಗುತ್ತೆ ಬಾರೇ’ ಎಂಬ ಕೂಗು ಹಿತ್ತಲಿನವರೆಗೂ ಬರುತ್ತಿತ್ತು. ಬೇರೆಯವರ ಮನೆಗಳಲ್ಲಿ ಹೆಂಗಸರು ಸಂಜೆಯ ಅಡುಗೆಯ ಬಗ್ಗೆ ಇನ್ನೂ ಯೋಚಿಸದಿರುವಾಗಲೇ ಈ ಮನೆಯಲ್ಲಿ ಊಟ. ದೀಪ ಹಚ್ಚಿದ ಮೇಲೆ ಉಣ್ಣುವಂತಿಲ್ಲ, ಹುಳುಹುಪ್ಪಟೆ ಬಿದ್ದರೆ ಕಾಣುವುದಿಲ್ಲ. ಕ್ಷಮಾಳ ತಂದೆ ಚಂದ್ರನಾಥಯ್ಯ ಕೊಬ್ಬರಿ ವ್ಯಾಪಾರದ ನಡುವೆ ಮನೆ ಕಟ್ಟಿಸುವಾಗ ಮೇಸ್ತ್ರಿ ಆಗ್ನೇಯಕ್ಕೆ ಒಲೆ ಎಂದು ದಾರ ಹಿಡಿದಿದ್ದನಂತೆ. ಆಗ ಮರುದೇವಮ್ಮ ದಾರ ಕಿತ್ತು, ಅಲ್ಲಿ ಮಧ್ಯಾಹ್ನಕ್ಕೇ ಕತ್ತಲು, ನನಗೆ ದಿನದ ಕೊನೆಯ ಬೆಳಕು ಬೀಳುವ ಕಡೆ ಒಲೆ ಬೇಕು ಎಂದರಂತೆ. ಅದನ್ನು ಅವರೇ ನಗುನಗುತ್ತ ಹೇಳುತ್ತಿದ್ದರು. ಕಿಟಕಿಯಿಂದ ಬಿಸಿಲು ಅವರ ಹೆಗಲ ಮೇಲಿಂದ ಇಳಿದು ಮೊದಲು ಕ್ಷಮಾಳ ತಟ್ಟೆಗೆ, ಆಮೇಲೆ ಶ್ರೇಯಾಂಸನ ತಟ್ಟೆಗೆ, ಕೊನೆಗೆ ತನ್ನ ತಟ್ಟೆಗೆ ಬರುತ್ತಿತ್ತು. ತೊವ್ವೆ ಅನ್ನದ ಮೇಲೆ ಕರಗುವ ತುಪ್ಪ ಆ ಬೆಳಕಿನಲ್ಲಿ ಒಂದು ಕ್ಷಣ ಕಾಸಿನಷ್ಟು ಅಗಲಕ್ಕೆ ಹೊಳೆಯುತ್ತಿತ್ತು. ಈರುಳ್ಳಿ ಇಲ್ಲದ ಸಾರಿಗೆ ರುಚಿ ಬರುತ್ತದೆಂದು ಅವಳಿಗೆ ಅದುವರೆಗೂ ಗೊತ್ತಿರಲಿಲ್ಲ. ಬೆಳಕು ಸಾಲುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ಮರುದೇವಮ್ಮ ಅಂಗೈ ಚಾಚಿ, ‘ಗೆರೆ ಕಾಣ್ತಿದೆ, ಇನ್ನೊಂದು ತುತ್ತು ತಿನ್ನಿ’ ಎನ್ನುತ್ತಿದ್ದರು. ಪ್ರೇಮಕುಮಾರಿ ಸವೆದ ನೆಲದ ಮೇಲೆ ಚಾಪೆಯಂಥ ಸಣ್ಣ ಕಂಬಳಿ ಹರಡಿ ಅಂಚನ್ನು ಕಾಲಿನಿಂದ ಸರಿಮಾಡಿದಳು. ಕಾಲಿನಿಂದ ಮಾಡಿದೆನಲ್ಲ ಎಂದು ಮತ್ತೆ ಬಗ್ಗಿ ಕೈಯಿಂದ ಸರಿಮಾಡಿದಳು.

‘ಇದನ್ನ ಎಲ್ಲಿಡಲಿ?’ ಕ್ಷಮಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಎರಡಂತಸ್ತಿನ ಊಟದ ಕ್ಯಾರಿಯರ್, ಇನ್ನೊಂದು ಕೈಯಲ್ಲಿ ಸೋಸಿದ ನೀರಿನ ಸಣ್ಣ ತಂಬಿಗೆ. ‘ನೀನು ಸ್ಟವ್ ಎತ್ತೋ ಮುಂಚೆಯೇ ಅನ್ನ, ತೊವ್ವೆ ಮಾಡಿಕೊಂಡೆ. ಇವತ್ತು ಚತುರ್ದಶಿ. ಒಪ್ಪತ್ತು.’

‘ಬೆಳಿಗ್ಗೆ ಏನೂ ತಿಂದಿಲ್ಲವಾ?’

‘ಒಂದೇ ಹೊತ್ತು ಅಂದಮೇಲೆ ಬೆಳಿಗ್ಗೆ ಹೇಗೆ ತಿಂತಾರೆ? ನೀರೂ ಊಟದ ಜೊತೆಗೇ. ಸಂಜೆ ಅವರು ಹೋದಮೇಲೆ ನೆಮ್ಮದಿಯಾಗಿ ಕೂತು ಉಣ್ತೀನಿ.’

‘ನಾಲ್ಕಕ್ಕೆ ಬರ್ತಾರೆ. ಐದಕ್ಕೆಲ್ಲ ಮುಗಿದಿರುತ್ತೆ ಬಿಡು’ ಎಂದಳು ಪ್ರೇಮಕುಮಾರಿ. ಅವಳ ಕಣ್ಣು ಆಗ ಪರದೆಯ ನೆರಿಗೆಯ ಮೇಲಿತ್ತು. ಕ್ಯಾರಿಯರನ್ನು ಕಿಟಕಿಯ ಕಟ್ಟೆಯ ಮೇಲಿಡಲು ಹೋದ ಕ್ಷಮಾಳ ಕೈಯಿಂದ ತೆಗೆದುಕೊಂಡು, ‘ಇಲ್ಲಿಟ್ಟರೆ ಕಾಣುತ್ತೆ’ ಎಂದು ಗೋಡೆಕಪಾಟಿನ ಮಧ್ಯದ ಹಲಗೆಯಲ್ಲಿ ಹಿಂದಕ್ಕೆ ತಳ್ಳಿ, ತಂಬಿಗೆಯನ್ನು ಪಕ್ಕಕ್ಕಿಟ್ಟು, ಮುಂದೆ ಪುಸ್ತಕಗಳನ್ನು ಜೋಡಿಸಿದಳು. ಬಾಗಿಲ ಹಿಂದೆ ಬಸದಿಯಿಂದ ಕೊಟ್ಟಿದ್ದ ಸೂರ್ಯೋದಯ, ಸೂರ್ಯಾಸ್ತದ ಪಟ್ಟಿ ನೇತಾಡುತ್ತಿತ್ತು. ಅದನ್ನೂ ತೆಗೆದಳು. ಮಡಿಸುವಾಗ ಈ ದಿನದ ಸಾಲು ಕಣ್ಣಿಗೆ ಬಿತ್ತು. ಐದು ಐವತ್ಮೂರು. ಚೀಲಕ್ಕೆ ಹಾಕಿಕೊಂಡಳು. ಜಾತಿ, ದೇವರು, ರಾಜಕೀಯ ಪಕ್ಷ ಯಾವುದೂ ಗೊತ್ತಾಗಬಾರದು, ನೋಡಲು ಬಂದವರು ತಮ್ಮ ದೇವರನ್ನೇ ಆ ಗೋಡೆಯ ಮೇಲೆ ಊಹಿಸಿಕೊಳ್ಳಬೇಕು ಎಂದು ಹಾಸನದಲ್ಲಿ ಬಟ್ಟೆ ಅಂಗಡಿಯ ಮಹಡಿಯ ಮೇಲೆ ನಡೆಯುತ್ತಿದ್ದ ಸಂಜೆ ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಮನೆ ಸಿಂಗರಿಸುವ ಆರು ತಿಂಗಳ ಕೋರ್ಸು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಇಪ್ಪತ್ತರ ಹುಡುಗಿಯರ ಹಿಂದೆ ಕೂತು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಡಿಗೆರೆ ಎಳೆದಿದ್ದಳು. ಪಶ್ಚಿಮದ ಕಿಟಕಿಯಿದ್ದರೆ ಸಂಜೆಗೆ ಮುಂಚೆ ಮನೆ ತೋರಿಸಬೇಕು, ಆ ಬೆಳಕಿನಲ್ಲಿ ಹಳೆಯ ಗೋಡೆಗಳೂ ಜೇನಿನ ಬಣ್ಣಕ್ಕೆ ತಿರುಗುತ್ತವೆ ಎಂಬುದನ್ನೂ ಬರೆದುಕೊಂಡಿದ್ದಳು. ನಾಲ್ಕು ಗಂಟೆ ಎಂದು ಗೊತ್ತುಮಾಡಿದ್ದು ಅದಕ್ಕೇ. ಬೆಳಿಗ್ಗೆ ಹತ್ತಕ್ಕೆ ಬರುತ್ತೇವೆಂದಿದ್ದರು ಅವರು. ಬೇಡ, ಸಂಜೆಗೇ ಬನ್ನಿ ಎಂದು ತಾನೇ ಒತ್ತಾಯ ಮಾಡಿದ್ದಳು.

ನಾಲ್ಕಾಯಿತು. ನಾಲ್ಕೂವರೆಯಾಯಿತು. ಉಗ್ರಾಣದ ಸ್ಟವ್ವಿನ ಮೇಲೆ ಏಲಕ್ಕಿ ಹಾಕಿ ನೀರು ಕುದಿಸಿ ವಾಸನೆ ಹಿಡಿಸಿದ್ದಾಗಿತ್ತು. ಕ್ಷಮಾ ಇಸ್ತ್ರಿ ಮಾಡಿದ ಸೀರೆಯುಟ್ಟು ಪಡಸಾಲೆಯ ಬಾಡಿಗೆ ಸೋಫಾದ ತುದಿಯಲ್ಲಿ ನೆಂಟರ ಮನೆಗೆ ಬಂದವಳಂತೆ ಕೂತಿದ್ದಳು. ತುಟಿ ಒಣಗಿತ್ತು. ಪ್ರೇಮಕುಮಾರಿ ಹಿತ್ತಲಿಗೆ ಹೋದಳು. ಬಾವಿಗೆ ಈಗ ಕಬ್ಬಿಣದ ಜಾಲರಿ. ಅದರ ಪಕ್ಕ ನಿಂತು ಹಿಂಬದಿಯ ಎರಡು ಕೋಣೆಗಳ ಕಡೆ ನೋಡುವುದು ಬೇಡವೆಂದುಕೊಂಡಳು, ನೋಡಿದಳು. ಬಾವಿಯ ನೀರು ಸೋಸುವಾಗ ಬಿಳಿಯ ಬಟ್ಟೆಯ ಒಂದು ತುದಿ ಮರುದೇವಮ್ಮನ ಕೈಯಲ್ಲಿ, ಇನ್ನೊಂದು ತುದಿ ತನ್ನ ಕೈಯಲ್ಲಿ. ಸೋಸಿಯಾದ ಮೇಲೆ ಬಟ್ಟೆಯನ್ನು ತಿರುಗಿಸಿ, ಸೋಸಿದ ನೀರನ್ನೇ ಅದರ ಮೇಲೆ ಹೊಯ್ದು, ಬಟ್ಟೆಗೆ ಅಂಟಿದ್ದನ್ನು ಮತ್ತೆ ಅದೇ ಬಾವಿಗೆ ಇಳಿಬಿಡಬೇಕು. ‘ಕಣ್ಣಿಗೆ ಕಾಣದ್ದೂ ಇರುತ್ತವೆ ಕಣೇ, ಅವುಗಳ ಮನೆಗೆ ಅವು ಹೋಗಲಿ.’ ಆ ಕೆಲಸ ತನಗೆ ಕೊಟ್ಟಿದ್ದಾರೆಂಬುದನ್ನು ಅವಳು ಸ್ಕೂಲಿನಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡಿದ್ದಳು.

ಆಮೇಲೆ ಅವ್ವ ಆಸ್ಪತ್ರೆಯಿಂದ ಬಂದಳು, ಹಗ್ಗದ ಹಾಗೆ. ದಿನಕ್ಕೆರಡು ಮೊಟ್ಟೆ ಕೊಡಿ ಎಂದಿದ್ದರು ಡಾಕ್ಟರು. ಬಾಡಿಗೆಗೆ ಬರುವಾಗಲೇ ಆಡಿದ ಮಾತಿತ್ತು, ಈ ಕಾಂಪೌಂಡಿನೊಳಗೆ ಅದೆಲ್ಲ ಬೇಡವೆಂದು. ಅಪ್ಪ ದುದ್ದದ ಕಡೆಯಿಂದ ದನದ ಔಷಧಿಯ ಚೀಲದೊಳಗೆ ಭತ್ತದ ಹೊಟ್ಟಿನಲ್ಲಿ ಹುದುಗಿಸಿ ತರುತ್ತಿದ್ದ. ಬಾಗಿಲು ಹಾಕಿ, ಊದುಬತ್ತಿ ಹಚ್ಚಿ, ಸೀಮೆಎಣ್ಣೆ ಸ್ಟವ್ವಿನಲ್ಲಿ ಬೇಯಿಸುವುದು. ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ದೂರ, ಕೆರೆಯ ಕಡೆ ಎಸೆದು ಬರುವುದು ಅವಳ ಕೆಲಸ. ಒಂದೆರಡು ದಿನ ಹೋದಳು. ಮಳೆ ಬಂದ ದಿನ ಸೋಮಾರಿತನದಿಂದ ದಾಸವಾಳದ ಬುಡದಲ್ಲಿ ಹೂತಳು. ಆಮೇಲೆ ದಿನವೂ ಅಲ್ಲೇ. ಒಂದು ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಒಂದು ಬಾಳೆಲೆ, ಅದರ ಮೇಲೆ ಮಣ್ಣು ಮೆತ್ತಿದ ಸಿಪ್ಪೆಗಳು. ಮರುದೇವಮ್ಮ ಗುದ್ದಲಿ ಹಿಡಿದು ನಿಂತಿದ್ದರು. ಸಿಟ್ಟಿರಲಿಲ್ಲ. ‘ಇದು ಯಾರು ಹಾಕಿದ್ದು ಕುಮಾರಿ?’ ಅವಳು ಗಿಡ ನೋಡಿದಳು, ಆಕಾಶ ನೋಡಿದಳು. ‘ಕಾಗೆ ತಂದಿರಬೇಕು ಅಮ್ಮಾವ್ರೇ.’ ಮಣ್ಣಿನೊಳಗಿಂದ ತೆಗೆದದ್ದನ್ನು ಕಾಗೆ ಹೇಗೆ ತರುತ್ತದೆ ಎಂದು ಅವರು ಕೇಳಲಿಲ್ಲ. ‘ಹೌದು, ಕಾಗೆಯೇ ಇರಬೇಕು’ ಎಂದರು. ಆ ಸಂಜೆಯೂ ಊಟಕ್ಕೆ ಕರೆದರು, ತುಪ್ಪವನ್ನೂ ಹಾಕಿದರು. ಮರುದಿನ ಬಾವಿಯ ಹತ್ತಿರ ಹೋದಾಗ ಬಟ್ಟೆಯ ಎರಡು ತುದಿಗಳನ್ನೂ ಕೊಡದ ಬಾಯಿಗೆ ಗಂಟು ಹಾಕಿ ಅವರೊಬ್ಬರೇ ನೀರು ಸೋಸುತ್ತಿದ್ದರು. ‘ನೀನು ಓದ್ಕೋ ಹೋಗಮ್ಮ’ ಎಂದರು. ಅಮ್ಮ ಎಂದದ್ದು ಅದೇ ಮೊದಲು. ಅದುವರೆಗೂ ಬಾರೇ, ಹೋಗೇ. ತಿಂಗಳೊಳಗೆ ಅಪ್ಪ ಕೋಟೆಯ ಕಡೆ ಬೇರೆ ಮನೆ ನೋಡಿದ. ಬಿಡಿ ಎಂದು ಯಾರೂ ಹೇಳಿರಲಿಲ್ಲ. ಐದು ವರ್ಷದ ಹಿಂದೆ ಹಾಸನದ ಪತ್ರಿಕೆಯ ಒಳಪುಟದಲ್ಲಿ ಮರುದೇವಮ್ಮನ ಶ್ರದ್ಧಾಂಜಲಿಯ ಫೋಟೊ ನೋಡಿ, ಹೋಗಬೇಕು ಎಂದುಕೊಂಡು, ಯಾವ ಮುಖ ಇಟ್ಟುಕೊಂಡು ಹೋಗುವುದೆಂದುಕೊಂಡು, ಮಾರನೆಯ ದಿನ ಪತ್ರಿಕೆಯನ್ನು ಕಪಾಟಿನ ಹಲಗೆಗೆ ಹಾಸಿದ್ದಳು.

ಐದೂ ಹತ್ತಕ್ಕೆ ಕಾರು ಬಂತು. ಮೊದಲು ಇಳಿದವರು ಬಿಳಿಯ ಪಂಚೆಯ ನಂಜಪ್ಪ, ದುದ್ದದ ಹತ್ತಿರ ತೆಂಗಿನ ತೋಟ, ಹಸು ಇರುವವರು. ಹಿಂದೆ ಅವರ ಹೆಂಡತಿ ಲಕ್ಕಮ್ಮ, ಸೊಸೆ ಧನ್ಯಾ. ಮಗ ಇಲ್ಲಿನ ತಾಲ್ಲೂಕು ಕಚೇರಿಗೆ ವರ್ಗವಾಗಿದ್ದ, ಅವನ ಸಂಸಾರಕ್ಕೆ ಮನೆ ಬೇಕಿತ್ತು.

‘ತಡ ಆಗೋಯ್ತು ಕಣವ್ವ’ ಎಂದರು ಲಕ್ಕಮ್ಮ ಏದುಸಿರಿನಲ್ಲಿ ಮೆಟ್ಟಿಲು ಹತ್ತುತ್ತ. ‘ಒಳೆನರಸೀಪುರದಲ್ಲಿ ನೆಂಟ್ರು ಮನೇಲಿ ನಾಮಕರಣ. ಎರಡನೇ ಪಂಕ್ತಿ ಅಂದ್ರು, ಮೂರಾಯ್ತು. ಎಲೆ ಬುಟ್ಟು ಏಳಕಾಯ್ತದಾ? ಒಟ್ಟೆ ಇಂಗ್ ಬಿಗಿದೈತೆ ನೋಡು.’

‘ಕುಡಿಯೋಕೆ ಏನಾದರೂ...’ ಎಂದಳು ಕ್ಷಮಾ.

‘ಏನೂ ಬ್ಯಾಡ ತಾಯಿ. ಒಂದ್ ತೊಟ್ಟು ನೀರ್ಗೂ ಜಾಗ ಇಲ್ಲ.’

ಪ್ರೇಮಕುಮಾರಿ ಮುಂದೆ, ಅವರು ಹಿಂದೆ. ಅವಳ ಬಾಯಿ ಎಂದಿನ ಮಾತನ್ನೇ ಆಡುತ್ತಿತ್ತು: ಇದು ಹಾಲು, ಇಲ್ಲಿ ಟಿವಿ ಇಡಬಹುದು, ಈ ಕೋಣೆಗೆ ಬೆಳಗಿನ ಬಿಸಿಲು. ಮಾತಿನ ಕೆಳಗೆ ಇನ್ನೊಂದು ಮಾತು ಓಡುತ್ತಿತ್ತು: ಐದೂ ಹದಿನೈದು, ಐದೂ ಇಪ್ಪತ್ತು. ನಂಜಪ್ಪ ಜೇಬಿನಿಂದ ದಿಕ್ಸೂಚಿ ತೆಗೆದು ಉಗ್ರಾಣದಲ್ಲಿ ಹಿಡಿದರು. ಮುಳ್ಳು ತೂಗಾಡಿ ನಿಂತಿತು. ‘ಆಗ್ನೇಯ. ಕರೆಕ್ಟಾಗೈತೆ’ ಎಂದು ಅದನ್ನು ಜೇಬಿಗಿಳಿಸಿ ಮೊದಲ ಸಲ ನಕ್ಕರು. ಲಕ್ಕಮ್ಮ ಸ್ಟವ್ವಿನ ಹಿಂದಿನ ಗೋಡೆಯ ಮೇಲೆ ಹೆಬ್ಬೆರಳು ಎಳೆದು ಬೆರಳು ನೋಡಿಕೊಂಡರು. ‘ಬಲೇ ಚೊಕ್ಕ ಮಡಗಿದ್ದೀರಿ. ಒಂದ್ ಒಗ್ಗರಣೆ ಸಿಡಿದಿಲ್ವಲ್ಲ!’

‘ಜೈನರು ಅತ್ತೆ, ಕ್ಲೀನಾಗಿ ಇಟ್ಕೊಂಡಿರ್ತಾರೆ’ ಎಂದಳು ಧನ್ಯಾ, ಮೊಬೈಲಿನಲ್ಲಿ ವಿಡಿಯೊ ಮಾಡುತ್ತ.

‘ಅವ್ರು ಉಣ್ಣಲ್ವಾ? ನೀನು ಬಂದ್ಮೇಲೆ ನಮ್ಮನೇಲೂ ಇಂಗೇ ಇರ್ತದೆ ಬಿಡು, ಒಲೆ ಅಚ್ಚಿದ್ರೆ ತಾನೆ ಸಿಡಿಯೋದು’ ಎಂದರು ಲಕ್ಕಮ್ಮ. ಸೊಸೆ ನಗುತ್ತಲೇ ಮೂತಿ ತಿರುವಿದಳು.

ಕೊನೆಗೆ ಪಡುವಲ ಕೋಣೆ. ಪ್ರೇಮಕುಮಾರಿ ಬಾಗಿಲು ತಳ್ಳಿದಳು. ಎಣಿಸಿದಂತೆಯೇ ಆಯಿತು. ಕಿಟಕಿಯಿಂದ ಬೆಳಕು ಓರೆಯಾಗಿ ಬಂದು ಗೋಡೆ, ಪುಸ್ತಕ, ನೀಲಿ ಬಟ್ಟೆ ಎಲ್ಲದರ ಮೇಲೂ ಹರಡಿತ್ತು. ‘ಅಬ್ಬ!’ ಎಂದಳು ಧನ್ಯಾ. ಪ್ರೇಮಕುಮಾರಿಯ ಎದೆಯಲ್ಲಿ ಹೆಮ್ಮೆಯಂಥದೊಂದು ಎದ್ದು, ಅದು ಹೆಮ್ಮೆಯೇ ಎಂದು ಗೊತ್ತಾದೊಡನೆ ನಾಚಿಕೆಯಾಯಿತು. ಲಕ್ಕಮ್ಮ ಒಳಗೆ ಬಂದು ಕಂಬಳಿಯ ಮೇಲೆ ನಿಂತರು. ಹೂಕುಂಡ ನೋಡಿದರು, ಅದರ ಕೆಳಗಿನ ಹಲಗೆ ನೋಡಿದರು, ಹಲಗೆಯ ಮೇಲೆ ಗೋಡೆಯಿಂದ ಹೊರಬಂದಿದ್ದ ಹಿತ್ತಾಳೆ ನಲ್ಲಿ ನೋಡಿದರು.

‘ಓದೋ ರೂಮಲ್ಲಿ ನಲ್ಲಿ ಯಾಕವ್ವ?’

‘ಕೈ... ಕೈ ತೊಳ್ಕೊಳ್ಳೋಕೆ’ ಎಂದಳು ಪ್ರೇಮಕುಮಾರಿ.

‘ಓದಾದ್ಮೇಲೆ ಕೈ ತೊಳ್ಕಂತಾರಾ?’ ಲಕ್ಕಮ್ಮ ಹೊಟ್ಟೆ ಕುಣಿಯುವಂತೆ ನಕ್ಕರು. ‘ನಮ್ ಉಡುಗ ಓದೋಕ್ ಮುಂಚೇನೇ ತೊಳ್ಕಂಬುಟ್ಟ ಅದನ್ನ, ಪಿಯುಸೀಲಿ.’ ನಕ್ಕು ಅವಳ ಮುಖವನ್ನೇ ನೋಡಿದರು. ಆ ನೋಟದಲ್ಲಿ ನಗು ಇರಲಿಲ್ಲ. ಆದರೆ ಮುಂದಕ್ಕೆ ಕೇಳಲಿಲ್ಲ.

ನಂಜಪ್ಪ ಕುರ್ಚಿ ಎಳೆದುಕೊಂಡು ಕೂತರು. ಗೋಡೆಕಪಾಟಿಗೆ ಬೆನ್ನು ಕೊಟ್ಟು, ಕಾಲು ಚಾಚಿ. ‘ನಂಗೊಪ್ಪಿಗೆ’ ಎಂದರು. ‘ಮೇಡಂನೋರು ಇಲ್ಲೇ ಕುಂತ್ಕಳಿ, ಮಾತಾಡ್ಬುಡಾನ. ಮಗನ್ಗೆ ಫೋನ್ ಮಾಡ್ತೀನಿ, ಈಗ್ ಬತ್ತಾನೆ, ಅವ್ನೂ ಒಂದ್ ಕಿತ ನೋಡ್ಲಿ. ಅರ್ಧ ಗಂಟೆ.’ ಕ್ಷಮಾ ‘ಆಗಲಿ’ ಎಂದು ನಕ್ಕಳು. ಧನ್ಯಾ ಕಿಟಕಿಯ ಮುಂದೆ ನಿಂತು ತನ್ನ ಫೋಟೊ ತಾನೇ ತೆಗೆದುಕೊಳ್ಳುತ್ತಿದ್ದಳು. ಐದೂ ಮೂವತ್ತೆರಡು.

ಅರ್ಧ ಗಂಟೆ. ಪ್ರೇಮಕುಮಾರಿ ಲೆಕ್ಕ ಹಾಕಿದಳು, ಮತ್ತೆ ಹಾಕಿದಳು. ಮಗ ಬಂದು, ನೋಡಿ, ಮಾತು ಮುಗಿದು ಇವರು ಏಳುವ ಹೊತ್ತಿಗೆ ಬೆಳಕು ಹೋಗಿರುತ್ತದೆ. ಹೋದರೆ ಕ್ಷಮಾ ಉಣ್ಣುವುದಿಲ್ಲ, ನೀರನ್ನೂ ಮುಟ್ಟುವುದಿಲ್ಲ. ನಿನ್ನೆ ಸಂಜೆಯಿಂದ ನಾಳೆ ಬೆಳಗಿನವರೆಗೆ. ಇಷ್ಟು ವರ್ಷದಲ್ಲಿ ಯಾವ್ಯಾವುದೋ ಮನೆಗಳ ಗಂಟೆ, ಬೆಳಕು, ಬಣ್ಣಗಳನ್ನೆಲ್ಲ ನೆನಪಿಟ್ಟುಕೊಂಡವಳು ಈ ಮನೆಯ ಈ ಗಂಟೆಯನ್ನು ಮರೆತಿದ್ದಳು. ಮರೆಯಲಿಲ್ಲ, ಅದೇ ಗಂಟೆಯನ್ನು ಆರಿಸಿದ್ದಳು. ಇಲ್ಲೇ ತೊಂಬತ್ತು ಸಂಜೆ ಕೂತು ಉಂಡವಳು, ಅದು ಚೆನ್ನಾದ ಬೆಳಕು ಎಂಬುದನ್ನು ಮಾತ್ರ ಇಟ್ಟುಕೊಂಡು, ಏಕೆ ಆ ಬೆಳಕು ಬೇಕಿತ್ತು ಎಂಬುದನ್ನು ಎಲ್ಲೋ ಬಿಟ್ಟಿದ್ದಳು. ಕ್ಷಮಾಳನ್ನು ನೋಡಿದಳು. ಕ್ಷಮಾ ನಂಜಪ್ಪನವರು ಹೇಳುತ್ತಿದ್ದ ಹಸುವಿನ ಕತೆಗೆ ತಲೆಯಾಡಿಸುತ್ತಿದ್ದಳು. ಕೈಯೊಂದು ಸೆರಗಿನ ಒಳಗೆ ಹೊಟ್ಟೆಯ ಮೇಲೆ ಒತ್ತಿಕೊಂಡಿತ್ತು. ಕಪಾಟಿನ ಕಡೆ ಅವಳು ಒಂದು ಸಲವೂ ನೋಡಲಿಲ್ಲ. ನೋಡಿದ್ದರೆ ಸುಲಭವಾಗುತ್ತಿತ್ತು.

ಒಂದು ದಿನ ಉಪವಾಸವಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಅವರಿಗೆ ಅಭ್ಯಾಸ. ಮನೆ ಉಳಿಯುತ್ತದೆ. ಈ ಗೋಡೆ, ಈ ಕಿಟಕಿ ಉಳಿಯುತ್ತವೆ. ಬೇರೆ ಯಾವುದೋ ಮಗು ಇದೇ ನೆಲದಲ್ಲಿ ಕೂರುತ್ತದೆ. ಕ್ಷಮಾಗೆ ಬೇಕಾದದ್ದೂ ಅದೇ. ಹೊರಗೆ ಹೋಗಿ ಮಾತಾಡೋಣ ಬನ್ನಿ ಎಂದು ಇವರನ್ನು ಪಡಸಾಲೆಗೆ ಕರೆಯಬಹುದು. ‘ಹಾಲಲ್ಲಿ ಕೂತುಕೊಳ್ಳೋಣವಾ, ಗಾಳಿ ಚೆನ್ನಾಗಿದೆ’ ಎಂದಳು. ‘ಇಲ್ಲೇ ಸಂದಾಗೈತೆ ಬಿಡಮ್ಮ’ ಎಂದರು ನಂಜಪ್ಪ. ‘ಹಿತ್ತಲು ನೋಡಲಿಲ್ಲ ನೀವು’ ಎಂದಳು. ‘ಮಗ ಬಂದ್ಮೇಲೆ ಒಟ್ಗೆ ನೋಡಾನ.’ ಐದೂ ನಲವತ್ತು. ಗೋಡೆಯ ಮೇಲಿನ ಬೆಳಕು ಜೇನಿನಿಂದ ತಾಮ್ರಕ್ಕೆ ತಿರುಗಿತ್ತು. ಮೇಜಿನ ದೀಪ ಹಾಕಿಬಿಡಲೇ ಎನಿಸಿತು. ಕೋರ್ಸಿನಲ್ಲಿ ಹೇಳಿಕೊಟ್ಟಿದ್ದರು, ಬೆಳಕು ಇಳಿಯುವಾಗ ದೀಪ ಹಾಕಬೇಕು, ಕತ್ತಲಾದದ್ದು ನೋಡುವವರಿಗೆ ತಿಳಿಯಬಾರದು. ಕೈ ಗುಂಡಿಯವರೆಗೂ ಹೋಯಿತು. ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ.

‘ಸ್ವಲ್ಪ ಏಳಿ ಯಜಮಾನ್ರೇ’ ಎಂದಳು.

ನಂಜಪ್ಪ ಅರ್ಥವಾಗದೆ ಎದ್ದರು. ಅವಳು ಕಪಾಟಿನಿಂದ ಎರಡು ಪುಸ್ತಕ ತೆಗೆದು ಕುರ್ಚಿಯ ಮೇಲಿಟ್ಟಳು. ಇನ್ನೆರಡು ತೆಗೆದಳು. ನಾಲ್ಕನೆಯದು ಕೈಜಾರಿ ನೆಲಕ್ಕೆ ಬಿದ್ದು ಧೂಳೆದ್ದಿತು. ‘ಕುಮಾರಿ’ ಎಂದಳು ಕ್ಷಮಾ, ಬೇಡ ಎಂಬ ದನಿಯಲ್ಲಿ. ಪುಸ್ತಕಗಳ ಹಿಂದಿನಿಂದ ಕ್ಯಾರಿಯರ್ ಹೊರಬಂತು, ತಂಬಿಗೆ ಬಂತು. ಎರಡನ್ನೂ ಎತ್ತಿ ಹಿಡಿದುಕೊಂಡು ನಿಂತಾಗ ಅವಳಿಗೆ ತಾನು ಏನು ಹೇಳಬೇಕೆಂದಿದ್ದೆ ಎಂಬುದೇ ಮರೆತುಹೋಯಿತು. ಎಲ್ಲರೂ ನೋಡುತ್ತಿದ್ದರು. ಧನ್ಯಾಳ ಮೊಬೈಲ್ ಕೂಡ ಅವಳ ಕಡೆಗೇ ತಿರುಗಿತ್ತು.

‘ಇವರು ಊಟ ಮಾಡಬೇಕು’ ಎಂದಳು. ‘ಬೆಳಿಗ್ಗೆಯಿಂದ ನೀರು ಕುಡಿದಿಲ್ಲ. ಹೊತ್ತು ಮುಳುಗಿದಮೇಲೆ ಉಣ್ಣಲ್ಲ ಇವರು. ಇದು ಓದೋ ಕೋಣೆ ಅಲ್ಲ, ಅಡಿಗೆಮನೆ. ಅಲ್ಲಿರೋದು ಉಗ್ರಾಣ. ಸ್ಟವ್ವು ಬೆಳಿಗ್ಗೆ ನಾನೇ ಎತ್ತಿಕೊಂಡುಹೋಗಿ ಅಲ್ಲಿಟ್ಟೆ. ಇವರದ್ದೇನೂ ತಪ್ಪಿಲ್ಲ.’

ನಂಜಪ್ಪನವರ ಕೈ ಜೇಬಿನ ದಿಕ್ಸೂಚಿಯ ಮೇಲೆ ಹೋಯಿತು, ಯಾರೋ ಅದನ್ನು ಕದ್ದರೇನೋ ಎಂಬಂತೆ. ‘ಅಂಗಾರೆ ಒಲೆ ಇಲ್ಲೇ?’

‘ಇಲ್ಲೇ.’

‘ಪಡುವಲಕ್ಕೆ?’

‘ಪಡುವಲಕ್ಕೆ.’

‘ಏನಮ್ಮ ಇದು, ಮಕ್ಕಳಾಟ್ವಾ? ಮೋಹನ್‌ಕುಮಾರ್ ಇಂಗಾ ಯಾಪಾರ ಮಾಡಾದು? ನಡಿರ್ಲಾ, ಓಗಾನ.’ ಪಂಚೆ ಎತ್ತಿ ಕಟ್ಟಿ ಹೊರಟೇಬಿಟ್ಟರು. ಧನ್ಯಾ ಮೊಬೈಲ್ ಮುಚ್ಚಿ ಅವರ ಹಿಂದೆ ಹೋದಳು. ಲಕ್ಕಮ್ಮ ಮಾತ್ರ ಒಂದು ಗಳಿಗೆ ನಿಂತು ಕ್ಷಮಾಳ ತುಟಿಗಳನ್ನು ನೋಡಿದರು. ‘ಉಣ್ಣೋ ಒತ್ನಲ್ಲಿ ಬಂದು ಕುಂತ್ಕಂಡ್ವಲ್ಲವ್ವ. ನೀನಾದ್ರೂ ಬಾಯ್ಬುಟ್ಟು ಯೋಳ್ಬಾರ್ದಾ ತಾಯಿ?’ ಎಂದು ಅವರೂ ಕಂಬಳಿ ದಾಟಿ ಹೋದರು.

ಪ್ರೇಮಕುಮಾರಿ ಕಂಬಳಿಯನ್ನು ಎಳೆದು ಮೂಲೆಗೆ ಹಾಕಿದಳು. ಕ್ಷಮಾ ನಿಂತೇ ಇದ್ದಳು. ‘ಕೂತ್ಕೋ, ಹತ್ತು ನಿಮಿಷ ಇದೆ’ ಎಂದು ಕ್ಯಾರಿಯರಿನ ಮುಚ್ಚಳ ತೆಗೆಯಹೋದವಳು, ತಾನು ಮುಟ್ಟಬಹುದೋ ಬಾರದೋ ಎಂದು ಅಲ್ಲೇ ಕೈ ನಿಲ್ಲಿಸಿ ಅದನ್ನು ನೆಲದ ಮೇಲಿಟ್ಟು ಹಿಂದೆ ಸರಿದಳು. ಕ್ಷಮಾ ಕೂತಳು. ಮುಚ್ಚಳ ತೆಗೆದಳು. ಅನ್ನ ತಣ್ಣಗಾಗಿ ಗಟ್ಟಿಯಾಗಿತ್ತು, ಅಂತಸ್ತಿನ ಆಕಾರದಲ್ಲೇ ಮುಚ್ಚಳಕ್ಕೆ ಬಿತ್ತು. ತೊವ್ವೆ ಬೆರೆಸಿ ಮೂರು ತುತ್ತು ಅವಸರವಿಲ್ಲದೆ ತಿಂದಳು. ನಾಲ್ಕನೆಯ ತುತ್ತು ಕೈಯಲ್ಲಿ ಹಿಡಿದು ಹೇಳಿದಳು:

‘ಒಪ್ಪಿದ್ದರು ಕುಮಾರಿ ಅವರು.’

‘ಗೊತ್ತು.’

‘ಅದು ಕೆಟ್ಟರೂ ಪರವಾಗಿಲ್ಲ ಅಂತ ನೀನೇ ತೀರ್ಮಾನ ಮಾಡಿದೆ. ನನ್ನನ್ನ ಕೇಳಲಿಲ್ಲ. ನಾನು ಒಂದು ರಾತ್ರಿ ಹಸಿದುಕೊಂಡಿದ್ದರೆ ಈ ಮನೆ ನಿಂತಿರ್ತಿತ್ತು.’

ಪ್ರೇಮಕುಮಾರಿ ನೆಲಕ್ಕೆ ಬಿದ್ದಿದ್ದ ಪುಸ್ತಕವನ್ನು ಎತ್ತಿಕೊಂಡಳು. ತಾನು ಇದನ್ನು ಮಾಡಿದ್ದು ಕ್ಷಮಾಗಾಗಿಯೋ, ಬಾಳೆಲೆಯ ಮುಂದೆ ನಿಂತಿದ್ದ ಹತ್ತು ವರ್ಷದವಳಿಗಾಗಿಯೋ ಅವಳಿಗೂ ಗೊತ್ತಿರಲಿಲ್ಲ. ಎರಡನೆಯದಾದರೆ ಕ್ಷಮಾಳ ಮನೆಯನ್ನು ಕೊಟ್ಟು ತನ್ನ ಹಳೆಯದೊಂದನ್ನು ತೀರಿಸಿಕೊಂಡ ಹಾಗಾಯಿತು. ಚೀಲದಲ್ಲಿ ಮೊಬೈಲ್ ಬಡಿದುಕೊಳ್ಳುತ್ತಿತ್ತು. ಮೋಹನ್‌ಕುಮಾರನೇ ಇರಬೇಕು. ಅದು ಬಡಿದುಕೊಂಡು ಸುಮ್ಮನಾಯಿತು, ಮತ್ತೆ ಬಡಿದುಕೊಂಡಿತು. ಕ್ಷಮಾ ಉಳಿದ ಅನ್ನವನ್ನು ಪೂರ್ತಿ ಉಂಡಳು, ಒಂದು ಅಗುಳೂ ಬಿಡದೆ. ಉಣ್ಣುವಾಗ ಅವಳ ಕಣ್ಣಲ್ಲಿ ನೀರಿತ್ತೋ, ಅಥವಾ ಅದು ಬರಿಯ ಆ ಬೆಳಕೋ, ನೋಡುವ ಧೈರ್ಯ ಪ್ರೇಮಕುಮಾರಿಗಾಗಲಿಲ್ಲ. ಕೊನೆಗೆ ತಂಬಿಗೆ ಎತ್ತಿ ನಿಧಾನವಾಗಿ, ಗುಟುಕು ಗುಟುಕಾಗಿ ನೀರು ಕುಡಿದು, ಬಾಯಿ ಮುಕ್ಕಳಿಸಿ ಕಿಟಕಿಯ ಕಡೆ ತಿರುಗಿದಳು. ಎದುರಿನ ಮನೆಗಳ ಹಿಂದೆ ಆಕಾಶ ಕೆಂಪಗಿತ್ತು, ಸೂರ್ಯ ಇರಲಿಲ್ಲ.

‘ಹೋಗಿ ಬಾಗಿಲು ಹಾಕಿ ಬಾ’ ಎಂದಳು. ದನಿಯಲ್ಲಿ ಸಿಟ್ಟು ಉಳಿದಿತ್ತೋ ಇಲ್ಲವೋ ತಿಳಿಯಲಿಲ್ಲ. ‘ಇನ್ನು ಯಾರು ಬರ್ತಾರೆ.’

ಪಡಸಾಲೆಯಲ್ಲಿ ಕತ್ತಲು ಕೂತಿತ್ತು. ಬಾಡಿಗೆ ಸೋಫಾ, ಬಾಡಿಗೆ ಪರದೆ, ಬಾಡಿಗೆ ಕನ್ನಡಿ. ನಾಳೆ ಟೆಂಪೊ ಬಂದು ಎಲ್ಲವನ್ನೂ ಒಯ್ಯುತ್ತದೆ, ಆಮೇಲೆ ಮಳಿಗೆ ಕಟ್ಟುವವನು ಬರುತ್ತಾನೆ ಎಂದುಕೊಳ್ಳುತ್ತ ಪ್ರೇಮಕುಮಾರಿ ಬಾಗಿಲಿಗೆ ಕೈ ಹಾಕಿದಳು. ಹೊರಗೆ ಜಗಲಿಯ ಮೇಲೆ ಯಾರೋ ಕೂತಿದ್ದರು. ಲಕ್ಕಮ್ಮ. ಚಪ್ಪಲಿ ಬಿಟ್ಟು, ಕಾಲು ನೀಡಿಕೊಂಡು, ಎಲೆಯಡಿಕೆ ಚೀಲ ಬಿಚ್ಚಿ ಕೂತಿದ್ದರು. ಗೇಟಿನಾಚೆ ಕಾರಿನೊಳಗಿಂದ ನಂಜಪ್ಪ ಒಂದು ಸಲ ಹಾರನ್ ಒತ್ತಿದರು.

‘ಇರ್ರೀ, ಎದ್ದೋಗ್ತೀನಾ ನಾನು?’ ಎಂದು ಲಕ್ಕಮ್ಮ ಆ ಕಡೆಗೆ ಕೂಗಿ ಇವಳ ಕಡೆ ತಿರುಗಿದರು. ‘ಉಂಡ್ರಾ?’

‘ಉಂಡರು.’

‘ಒಟ್ಟೆ ತುಂಬಾ?’

‘ಹೂಂ.’

ಲಕ್ಕಮ್ಮ ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗಿಟ್ಟುಕೊಂಡು, ಗೋಡೆ ಹಿಡಿದು ಮೇಲೆದ್ದರು. ‘ಆ ಅಪ್ಪಂದು ಬುಡು, ಮುಳ್ಳು ತಿರುಗ್ದಂಗೆ ತಿರುಗ್ತದೆ ತಲೆ. ತಗೋತೀವಿ ಅಂತ ನಾನೇನೂ ಯೋಳಕಿಲ್ಲ ಕಣವ್ವ. ಬೆಳಿಗ್ಗಿಂದ ನೀನು ತೋರ್ಸಕ್ಕೆ ಅಂತ ಮಾಡಿದ್ದನ್ನ ನೋಡಿದ್ದಾಯ್ತು. ಈಗ ಮನೆ ತೋರ್ಸು.’

ಅವರು ಒಳಗೆ ಬರಲು ಕಾಯುತ್ತಿದ್ದರು. ಯಾವ ಕೋಣೆಯಿಂದ ಶುರುಮಾಡಬೇಕೆಂದು ತಿಳಿಯದೆ ಪ್ರೇಮಕುಮಾರಿ ಹೊಸ್ತಿಲಲ್ಲೇ ನಿಂತಳು.